ಒಬ್ಬಳಿಗೆ ಒಬ್ಬಳು

ಚಾದರ ಬದಲಾಯಿಸುವ ದಿನವೆಂದರೆ ವಾರ್ಡನಮ್ಮನಿಗೆ ಒಳಗೊಳಗೇ ಒಂದು ಸಮಾಧಾನ. ಹಾಸ್ಟೆಲ್ಲಿನ ಹುಡುಗಿಯರೆಲ್ಲ ತಮ್ಮ ತಮ್ಮ ಕೊಳೆ ಚಾದರ ಉಂಡೆ ಮಾಡಿ ತಂದು ಅವಳ ಆಫೀಸಿನ ಬಾಗಿಲಲ್ಲಿ ಬಿಸಾಕಿ, ಮಡಿಸಿಟ್ಟದ್ದನ್ನು ಎತ್ತಿಕೊಂಡು ಹೋಗುವಾಗ ಯಾರ ಮುಖವನ್ನೂ ನೆಟ್ಟಗೆ ನೋಡಬೇಕಾಗಿಲ್ಲ. ಚಾದರ ನೋಡಿದರೆ ಸಾಕು. ಮುಖಕ್ಕಿಂತ ಚಾದರವೇ ವಾಸಿ, ಅದಕ್ಕೆ ನಾಟಕ ಬರುವುದಿಲ್ಲ ಎಂದು ಹೊಸದಾಗಿ ಕೆಲಸಕ್ಕೆ ಬಂದ ಆಯಾಗಳಿಗೆ ಅವಳು ಹೇಳುವುದುಂಟು. ಇವಳು ಹಾಸಿಗೆಯ ಮೇಲೆ ಕೂತೇ ತಿನ್ನುತ್ತಾಳೆ, ಇವಳು ಪೆನ್ನು ಕೈಯಲ್ಲಿ ಹಿಡಿದೇ ನಿದ್ದೆ ಹೋಗುತ್ತಾಳೆ, ಇವಳ ಹಾಸಿಗೆಯಲ್ಲಿ ಪಕ್ಕದ ರೂಮಿನವಳೂ ಬಂದು ಮಲಗುತ್ತಾಳೆ, ಇವಳು ಅತ್ತಿದ್ದಾಳೆ. ಆದರೆ ಈಗ ಮೇಜಿನ ಮೇಲೆ ಬಂದು ಕೂತ ಚಾದರ ಹೋದ ವಾರ ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು. ಇಸ್ತ್ರಿಯ ಗೆರೆ ಕೂಡ ಅಳಿಸಿರಲಿಲ್ಲ. ವಾರ್ಡನಮ್ಮ ತಲೆ ಎತ್ತಿದಳು. ಎದುರಿಗೆ ಬದಲಿ ಹುಡುಗಿ, ಎರಡೂ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು ನಿಂತಿದ್ದಾಳೆ.

"ಇದರ ಮೇಲೆ ಮಲಗೇ ಇಲ್ವೇನೇ?"

"ಇಲ್ಲ. ನಾನು ಕುರ್ಚಿಯಲ್ಲಿ ಕುಳಿತುಕೊಂಡೆ."

"ವಾರ ಪೂರ್ತಿ?"

"ಅಮ್ಮ, ನಾನು ಮನೆಗೆ ಹೋಗುತ್ತೇನೆ."

ಹುಡುಗಿ ಅದನ್ನು ಹೇಳಿದ್ದು, ನೀರು ಹಿಡಿದುಕೊಂಡು ಬರ್ತೀನಿ ಅನ್ನುವ ಹಾಗೆ. ಅವಳು ಇಲ್ಲಿನ ಮಾತು ಕಲಿತದ್ದು ಪುಸ್ತಕದಿಂದ, ಅದಕ್ಕೇ ಅವಳ ಒಂದೊಂದು ಮಾತೂ ತಲೆ ಬಾಚಿಕೊಂಡು ಹೊರಗೆ ಬರುತ್ತಿತ್ತು. ಬೇರೆ ಹುಡುಗಿಯರು ಕರೆಯುವ 'ವಾರ್ಡನಮ್ಮ' ಅವಳ ನಾಲಿಗೆಗೆ ಉದ್ದವಾಗಿ, ಬಂದ ಮೊದಲ ವಾರದಲ್ಲೇ ಬರೀ 'ಅಮ್ಮ' ಆಗಿತ್ತು. ವಾರ್ಡನಮ್ಮನ ಎದೆ ಧಸಕ್ಕೆಂದಿತು. ಆ ಧಸಕ್ಕು ಈ ಹುಡುಗಿಗಾಗಿ ಅಲ್ಲ ಎಂದು ಆ ಕ್ಷಣದಲ್ಲೇ ಅವಳಿಗೆ ಗೊತ್ತಾಗಿಬಿಟ್ಟಿತು, ಗೊತ್ತಾದದ್ದು ಯಾರಿಗಾದರೂ ಕಂಡುಬಿಟ್ಟೀತೇನೋ ಎಂಬಂತೆ, ಸಾಲಿನಲ್ಲಿ ಚಾದರದ ಉಂಡೆಯನ್ನು ಚೆಂಡು ಮಾಡಿ ಎಸೆದಾಡುತ್ತಿದ್ದ ಇಬ್ಬರ ಮೇಲೆ, "ಇದೇನು ಹಾಸ್ಟೆಲ್ಲೋ ಸಂತೆಯೋ, ಆಚೆ ನಡೀರೇ!" ಎಂದು ರೇಗಿದಳು. ಅವರು ನಗುತ್ತ ಓಡಿದರು. ಬದಲಿ ಹುಡುಗಿ ನಗಲಿಲ್ಲ, ಓಡಲೂ ಇಲ್ಲ. ತನ್ನ ತಾಯಿ ಫೋನು ಮಾಡಿದ್ದರು, ಬಾ ಅಂದರು, ಫೀಸು ಹೋದರೆ ಹೋಗಲಿ ನೀನು ಬಾ ಅಂದರು, ಭಾನುವಾರದ ವಿಮಾನಕ್ಕೆ ಟಿಕೆಟು ಕೂಡ ಮಾಡಿದ್ದಾರೆ ಎಂದು ಒಂದೊಂದಾಗಿ ಹೇಳಿದಳು. ಫೀಸು ಹೋದರೆ ಹೋಗಲಿ. ಈ ಕ್ಯಾಂಪಸ್ಸಿನಲ್ಲಿ ಇಷ್ಟು ವರ್ಷದಲ್ಲಿ ಒಬ್ಬ ತಾಯಿಯ ಬಾಯಿಂದಲೂ ವಾರ್ಡನಮ್ಮ ಅಂಥ ಮಾತು ಕೇಳಿರಲಿಲ್ಲ. ಎಂಥ ಹೆಂಗಸಿರಬಹುದು ಅವಳು? ಕೈಯಲ್ಲಿದ್ದ ಸೌಟು ಕೆಳಗಿಡುವಷ್ಟು ಹಗುರವಾಗಿ ಹೇಳಿಬಿಟ್ಟಳಲ್ಲ. ಕಾಣದ ಆ ಹೆಂಗಸಿನ ಮೇಲೆ ಅವಳಿಗೆ ಸಿಟ್ಟು ಬಂತು.

ಬದಲಿ ಹುಡುಗಿ ಎಂಬ ಹೆಸರನ್ನು ಇಟ್ಟವಳು ಅಡುಗೆಯಾಕೆ. ಹೆಸರು ತಪ್ಪೇನಲ್ಲ. ವಾರ್ಡನಮ್ಮನ ಒಬ್ಬಳೇ ಮಗಳು ಓದಲು ಅಲ್ಲಿಗೆ ಹೋದಳು, ಅವಳ ಬದಲಿಗೆ ಅಲ್ಲಿಂದ ಇವಳು ಬಂದಳು. ವಿಶ್ವವಿದ್ಯಾಲಯದ ಏರ್ಪಾಡೇ ಹಾಗೆ. ಹೊರದೇಶದಲ್ಲಿ ಓದುವವರಿಗೆ ಎರಡು ದಾರಿ. ಒಂದು, ತಾವಾಗಿ ಹೋಗಿ, ಅಲ್ಲಿನವರು ಪರದೇಶದವರ ಮೇಲೆ ಹೇರುವ ಫೀಸು ತೆರುವುದು. ಅದು ಬಂಗಲೆ ಕಟ್ಟಿಸಿದವರ ಮಾತು. ಇನ್ನೊಂದು, ಒಬ್ಬಳಿಗೆ ಒಬ್ಬಳು. ಹೋದವಳು ಇಲ್ಲಿನ ಫೀಸನ್ನು ಇಲ್ಲೇ ಕಟ್ಟಬೇಕು, ಬಂದವಳು ಅಲ್ಲಿನದನ್ನು ಅಲ್ಲೇ ಕಟ್ಟಿ ಬಂದಿರಬೇಕು. ಹುಡುಗಿಯರು ಅದಲುಬದಲು, ದುಡ್ಡು ಇದ್ದಲ್ಲೇ. ನೌಕರರ ಮಕ್ಕಳಿಗೆ ಇಲ್ಲಿನ ಫೀಸಿನಲ್ಲಿ ಅರ್ಧ ಮಾಫಿ ಇರುವುದರಿಂದ ಮಾತ್ರ ವಾರ್ಡನಮ್ಮನ ಮಗಳು ವಿಮಾನ ಹತ್ತಿದ್ದು. ಆಗ ಫೀ ಸೆಕ್ಷನ್ನಿನ ಸೂಪರಿಂಟೆಂಡೆಂಟನ ಹತ್ತಿರ ಅವಳು ಜಗಳಕ್ಕೇ ನಿಂತಿದ್ದಳು. ಕ್ಯಾಂಪಸ್ಸೆಲ್ಲ ಅವನನ್ನು ರಸೀದಿ ಎಂದೇ ಕರೆಯುವುದು. ಬೆಳಗಾದರೆ ಹೆಂಡತಿಗೂ ರಸೀದಿ ಕೊಟ್ಟೇ ಕಾಫಿ ಕುಡಿಯುತ್ತಾನೆ ಎಂದು ಹುಡುಗರು ಆಡಿಕೊಳ್ಳುತ್ತಾರೆ. "ಲ್ಯಾಬಿನ ಫೀಸು ಯಾಕ್ರೀ? ಮೈದಾನದ ಫೀಸು ಯಾಕೆ? ಅವಳು ವರ್ಷವೆಲ್ಲ ಇಲ್ಲಿರೋದೇ ಇಲ್ವಲ್ಲ!" ಎಂದು ಇವಳು ಕೂಗಿದರೆ ಅವನು ಕನ್ನಡಕ ಒರೆಸಿಕೊಳ್ಳುತ್ತ, "ಮೇಡಂ, ನೀವು ಮಗಳಿಗೆ ಕಟ್ತಾ ಇಲ್ಲ, ಕುರ್ಚಿಗೆ ಕಟ್ತಾ ಇದ್ದೀರಿ. ಕುರ್ಚಿ ಎಲ್ಲಿಗೂ ಹೋಗಲ್ಲ. ಅದರ ಮೇಲೆ ಯಾರು ಕೂರ್ತಾರೆ ಅನ್ನೋದು ಆಮೇಲಿನ ಮಾತು," ಎಂದಿದ್ದ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು. ಬಂದವಳು ಟರ್ಮು ಅರ್ಧ ದಾಟುವವರೆಗೆ ಇದ್ದರೇನೇ ಬಂದ ಹಾಗೆ. ನಡುವೆ ಎದ್ದು ಹೋದರೆ ಜೋಡಿ ಮುರಿಯಿತು; ಆಗ ನಮ್ಮವಳು ಅಲ್ಲಿ ಯಾರ ಬದಲಿಯೂ ಅಲ್ಲ, ಬರೀ ಪರದೇಶದವಳು. ಅವರ ಫೀಸು ಪೂರ್ತಿ ಕಟ್ಟಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅಷ್ಟು ಹೊತ್ತಿಗೆ ಇಲ್ಲಿನ ಹಾಜರಿಯೂ ಕೈಬಿಟ್ಟಿರುತ್ತದೆ, ಅಲ್ಲಿಗೆ ಆ ವರ್ಷ ನೀರಲ್ಲಿ ಹೋಮ. ಅವತ್ತು ಅವಳು ಅದನ್ನು ಅರ್ಧ ಕಿವಿಯಲ್ಲಿ ಕೇಳಿದ್ದಳು. ಬಂದ ಹುಡುಗಿಯರು ಯಾಕೆ ಎದ್ದು ಹೋಗುತ್ತಾರೆ? ಅವರನ್ನು ನೋಡಿಕೊಳ್ಳಲು ನಾನೇ ಇದ್ದೀನಲ್ಲ.

ಅರ್ಧ ಟರ್ಮು ದಾಟುವುದಕ್ಕೆ ಇನ್ನು ಒಂದು ವಾರದ ಮೇಲೆ ಚೂರು ಉಳಿದಿತ್ತು.

"ರೂಮು ತಪಾಸಣೆ ಆಗದೆ ಕಳಿಸೋಕೆ ಬರಲ್ಲಮ್ಮ," ಎಂದಿತು ವಾರ್ಡನಮ್ಮನ ಬಾಯಿ. ಹಾಸ್ಟೆಲ್ಲು ಬಿಡುವವರ ರೂಮಿಗೆ ಅವಳೇ ಹೋಗುತ್ತಾಳೆ. ಹಾಸಿಗೆ ಹರಿದಿದೆಯೇ, ಬಲ್ಬು ಉರಿಯುತ್ತದೆಯೇ, ಬೀಗಕ್ಕೆ ಎರಡು ಕೀಲಿ ಇವೆಯೇ ಎಂದು ನೋಡಿ ಬಾಗಿಲಲ್ಲೇ ನಿಂತು ಸಹಿ ಹಾಕುತ್ತಾಳೆ, ಹಾಲು ಕಾಯುವಷ್ಟು ಹೊತ್ತಿನ ಕೆಲಸ. "ಹೊರದೇಶದವರ ರೂಮಿಗೆ ಬೇರೆ ಕಮಿಟಿ ಇದೆ. ಅವರು ಬರಬೇಕು. ಅವರು ಬರೋದು ಮುಂದಿನ ವಾರ, ಅದೂ ಕೊನೆಗೆ. ಟಿಕೆಟು ಮುಂದಕ್ಕೆ ಹಾಕಿಸು." ಅಂಥ ಕಮಿಟಿ ಹುಟ್ಟಿಯೇ ಇರಲಿಲ್ಲ. ಹುಡುಗಿ ಕಣ್ಣು ಸಣ್ಣದು ಮಾಡಿ, ಕೇಳಿದ್ದನ್ನು ಒಳಗೆ ಒಂದು ಸಲ ಓದಿಕೊಂಡವಳಂತೆ ನಿಂತು, "ಸರಿ ಅಮ್ಮ," ಎಂದಳು. ಹೊಸ ಚಾದರ ತೆಗೆದುಕೊಂಡಳು. ವಾದವಿಲ್ಲ, ಅಳುವಿಲ್ಲ. ಈ ಹಾಸ್ಟೆಲ್ಲಿನ ಯಾವ ಹುಡುಗಿಯಾದರೂ ಆಗಿದ್ದರೆ, 'ಯಾವ ಕಮಿಟಿ, ಎಲ್ಲಿದೆ ಕಮಿಟಿ' ಎಂದು ಹತ್ತು ಜನರನ್ನು ಕಟ್ಟಿಕೊಂಡು ಬಂದು ಮೇಜು ಗುದ್ದುತ್ತಿದ್ದಳು. ಹಾಗೆ ಗುದ್ದಿದ್ದರೆ ಬೈದು ಕಳಿಸಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಇವಳು ನಂಬಿದಳು. ನಂಬುವವರ ಹತ್ತಿರ ಏನೂ ಮಾಡಲಾಗುವುದಿಲ್ಲ. ಮೆಟ್ಟಿಲು ಹತ್ತುವ ಅವಳ ಬೆನ್ನು ನೋಡುತ್ತ ವಾರ್ಡನಮ್ಮನಿಗೆ ನೆನಪಾದದ್ದು ಬಸ್ ನಿಲ್ದಾಣ. ಇವಳನ್ನು ಕರೆದುಕೊಂಡು ಬರಲು ಅವಳೇ ಹೋಗಿದ್ದಳು, ಯಾರೂ ಹೇಳಿರಲಿಲ್ಲ. ತನಗಿಂತ ದೊಡ್ಡ ಪೆಟ್ಟಿಗೆಯನ್ನು ಎಳೆಯುತ್ತ ಬಂದ ಹುಡುಗಿಯ ಕೈ ಹಿಡಿದರೆ ಮಂಜುಗಡ್ಡೆ. ತನ್ನ ಶಾಲಿನ ಒಂದು ಸೆರಗನ್ನು ಅವಳಿಗೂ ಸುತ್ತಿ ರಿಕ್ಷಾದಲ್ಲಿ ಕೂರಿಸಿಕೊಂಡು ಬಂದಿದ್ದಳು. ಅವತ್ತು ಉಕ್ಕಿದ್ದು ಪ್ರೀತಿಯೇ ತಾನೇ? ಅವತ್ತು ಫೀಸಿನ ಗೊಡವೆ ಇರಲಿಲ್ಲವಲ್ಲ. ಆದರೆ ರಿಕ್ಷಾ ತಿರುವಿನಲ್ಲಿ ಓಲಾಡುವಾಗ ಅವಳು ಅಂದುಕೊಂಡದ್ದೂ ನೆನಪಿದೆ: ನಾನು ಇಲ್ಲಿ ಇವಳಿಗೆ ಶಾಲು ಹೊದಿಸಿದ್ದೀನಿ, ಅಲ್ಲಿ ನನ್ನವಳಿಗೆ ಯಾರಾದರೂ ಹೊದಿಸಲಿ. ಅಂದರೆ ಶಾಲಿಗೂ ಅವತ್ತೇ ರಸೀದಿ ಕೇಳಿದ ಹಾಗಾಯಿತಲ್ಲ.

ಅಡುಗೆಮನೆಗೆ ಹೋದರೆ ಅಡುಗೆಯಾಕೆ ಆಗಲೇ ಎಲ್ಲ ತಿಳಿದುಕೊಂಡು ಕೂತಿದ್ದಳು. ಈ ಕಟ್ಟಡದಲ್ಲಿ ನಲ್ಲಿ ನೀರಿಗಿಂತ ಸುದ್ದಿ ಮೊದಲು ಮೇಲಿನಿಂದ ಕೆಳಗೆ ಬರುತ್ತದೆ.

"ಮೇಡಂ, ಕೂಸು ಹೊರಡ್ತದಂತೆ?"

"ಯಾರು ಹೇಳಿದ್ದು ನಿನಗೆ? ಈ ಹೊತ್ತಿಂದ ಅವಳಿಗೆ ಎರಡು ಮೊಟ್ಟೆ ಕೊಡು. ಒಂದು ಲೋಟ ಹಾಲು."

"ಎರಡು ಮೊಟ್ಟೆ!" ಅಡುಗೆಯಾಕೆ ಸೊಂಟದ ಮೇಲೆ ಕೈ ಇಟ್ಟಳು. "ನಾನು ಮೊನ್ನೆ ಮಂಡಿ ನೋವು ಅಂದಾಗ ಒಂದು ತುಂಡು ಬಿಸ್ಕತ್ತು ಕೊಡಲಿಲ್ಲ ನೀವು. ನೋಡಿ, ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ. ಆ ಹುಡುಗಿ ಹಸಿವಿಂದ ಹೀಗಾಗಿಲ್ಲ. ನಿನ್ನೆ ಈ ಕಟ್ಟೆ ಹತ್ರ ಬಂದು ಕೂತ್ಕೊಂಡಿತ್ತು, ಒಂದೇ ಸಮ ಒಲೆ ನೋಡ್ಕೊಂಡು. ಏನಮ್ಮಾ ಅಂದೆ. ಇಲ್ಲಿ ಶಬ್ದ ಇದೆ, ಅದಕ್ಕೇ ಬಂದೆ ಅಂತು. ಕಟ್ಟಿ ಹಾಕಿದ ಕರು ಥರ ನೋಡ್ತದೆ ಮೇಡಂ. ಕಳಿಸಿಬಿಡಿ. ನಿಮಗೆ ಪುಣ್ಯ ಬರ್ತದೆ."

"ನಿನ್ನ ಪುಣ್ಯ ನೀನಿಟ್ಕೋ. ಕಳಿಸೋಕೆ ನಾನ್ಯಾರು? ರೂಲ್ಸು ಇವೆ."

"ರೂಲ್ಸು," ಎಂದು ಅಡುಗೆಯಾಕೆ ಮೊಟ್ಟೆಯ ಬುಟ್ಟಿಯತ್ತ ತಿರುಗಿದಳು. "ನಿಮ್ಮ ಮಗಳಾಗಿದ್ರೆ ರೂಲ್ಸು ಇರ್ತಿರಲಿಲ್ಲ."

ಅಡುಗೆಯಾಕೆಗೆ ಟರ್ಮಿನ ಅರ್ಧದ ಸಂಗತಿ ಗೊತ್ತಿರಲಿಲ್ಲ, ಸುಮ್ಮನೆ ಬಾಯಿಗೆ ಬಂದದ್ದನ್ನು ಅಂದಿದ್ದಳು. ಆದರೂ ವಾರ್ಡನಮ್ಮನಿಗೆ ಬೆನ್ನಿನ ಮೇಲೆ ಬಿಸಿನೀರು ಚೆಲ್ಲಿದಂತಾಯಿತು. ಫೀ ಸೆಕ್ಷನ್ನಿನ ಕಡೆ ನಡೆಯುವಾಗ ಅವಳು ಹಾದಿಯುದ್ದಕ್ಕೂ ಅಡುಗೆಯಾಕೆಗೆ ಉತ್ತರ ಕೊಡುತ್ತಲೇ ಇದ್ದಳು. ನನ್ನ ಮಗಳಾಗಿದ್ದರೆ ಒಂದು ವಾರ ಹಲ್ಲು ಕಚ್ಚಿಕೊಂಡು ಇರು ಅನ್ನುತ್ತಿದ್ದೆ. ಅನ್ನುತ್ತಿದ್ದೆನೇ? ಮಗಳು ಒಂದನೇ ಕ್ಲಾಸಿನಲ್ಲಿ ಶಾಲೆಗೆ ಹೋಗಲ್ಲ ಎಂದು ಗೇಟಿನ ಸರಳು ಹಿಡಿದು ನಿಂತಾಗ, ಗಂಡ ಬದುಕಿದ್ದ ಕಾಲ ಅದು, ಅವನು ಬೈಯುತ್ತಿದ್ದರೂ ಕೇಳದೆ ಎತ್ತಿಕೊಂಡು ಮನೆಗೆ ಬಂದುಬಿಟ್ಟವಳು ಯಾರು? ಆ ಸಣ್ಣ ಮುಷ್ಟಿಗಳನ್ನು ಸರಳಿನಿಂದ ಬಿಡಿಸುವಾಗ ಒಂದೊಂದೇ ಬೆರಳಿಗೂ ಮುತ್ತಿಟ್ಟಿದ್ದಳಲ್ಲ. ಕ್ಯಾಂಪಸ್ಸಿನ ರಸ್ತೆಯಲ್ಲಿ ಎದುರಿಗೆ ಬಂದವರೆಲ್ಲ ನಮಸ್ಕಾರ ಹೇಳುತ್ತಿದ್ದರು, ಮಗಳು ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ಮಗಳು ಹೋದ ಮೇಲೆ ಅವಳ ನಡಿಗೆಗೇ ಒಂದು ಗತ್ತು ಬಂದಿತ್ತು. ಹಾಸ್ಟೆಲ್ ವಾರ್ಡನ್ನಿನ ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ ಎಂಬುದನ್ನು ಪ್ರೊಫೆಸರುಗಳ ಹೆಂಡಂದಿರು ನುಂಗಿಕೊಂಡ ರೀತಿ ನೆನೆದು ಎಷ್ಟೋ ಸಲ ಒಬ್ಬಳೇ ನಕ್ಕಿದ್ದಳು. ಮಗಳು ಪೆಟ್ಟಿಗೆ ಎಳೆದುಕೊಂಡು ನಡು ವರ್ಷದಲ್ಲಿ ಈ ರಸ್ತೆಯಲ್ಲೇ ವಾಪಸು ಬಂದರೆ ಅದೇ ಹೆಂಗಸರು, ಅಯ್ಯೋ ಪಾಪ ಎನ್ನುತ್ತಾರೆ. ಆ 'ಅಯ್ಯೋ ಪಾಪ' ಅವಳ ಕಿವಿಗೆ ಈಗಲೇ ಕೇಳಿಸಿತು, ಹಾಗಾದರೆ ನನ್ನ ಹೆದರಿಕೆ ಮಗಳಿಗಾಗಿಯೂ ಅಲ್ಲವೇನೋ ಎಂಬ ಇನ್ನೊಂದು ಗುಮಾನಿ ಅದರ ಹಿಂದೆಯೇ ಬಂತು. ಅದನ್ನು ಅವಳು ಕಾಲಿನಿಂದ ಕಲ್ಲು ತಳ್ಳುವಂತೆ ಪಕ್ಕಕ್ಕೆ ತಳ್ಳಿ ಮೆಟ್ಟಿಲು ಹತ್ತಿದಳು.

"ಬನ್ನಿ ಮೇಡಂ, ಬನ್ನಿ. ಮಗಳು ಹೇಗಿದ್ದಾಳೆ? ನಮ್ಮನ್ನೆಲ್ಲ ಮರೆತೇಬಿಟ್ಲಾ?" ರಸೀದಿ ಎದ್ದು ಕುರ್ಚಿ ಎಳೆದ. ಒಳ್ಳೆಯವನೇ. ಅವನ ಹಿಂದೆ ಇಬ್ಬರು ಗುಮಾಸ್ತರು ಕಂಪ್ಯೂಟರಿನ ಮುಂದೆ ಟಕಟಕ ಒತ್ತುತ್ತಿದ್ದರು.

"ಚೆನ್ನಾಗಿದ್ದಾಳೆ. ಏನಿಲ್ಲ, ಸುಮ್ಮನೆ ಬಂದೆ. ಯಾರೋ ಕೇಳ್ತಾ ಇದ್ರು. ಬದಲಿಗೆ ಬಂದವರು ನಡುವೆ ಹೋಗಿಬಿಟ್ರೆ ಏನಾಗುತ್ತೆ ಅಂತ."

"ಯಾರೋ ಅಂದ್ರೆ?"

"ಯಾರೋ. ಪರಿಚಯದವರು."

ಟಕಟಕ ನಿಂತಿತು. ರಸೀದಿ ಕನ್ನಡಕ ತೆಗೆದು ಅವಳನ್ನು ನೋಡಿದ. ಕನ್ನಡಕವಿಲ್ಲದ ಅವನ ಕಣ್ಣು ಬರಿಮೈಯ ಹಾಗೆ ಕಾಣುತ್ತಿತ್ತು. "ಮೇಡಂ, ಈ ವರ್ಷ ಇಲ್ಲಿಂದ ಹೋಗಿರೋದು ಒಬ್ಬಳೇ, ಬಂದಿರೋದೂ ಒಬ್ಬಳೇ," ಎಂದ ಮೆಲ್ಲಗೆ. ಗುಮಾಸ್ತರಲ್ಲಿ ಒಬ್ಬ ಕೆಮ್ಮಿದ, ಅದು ಕೆಮ್ಮಲ್ಲ. ವಾರ್ಡನಮ್ಮನಿಗೆ ಕಿವಿಯ ತುದಿ ಉರಿಯಿತು. ಶಾಲೆಯಲ್ಲಿ ಬಳಪ ಕದ್ದು ಸಿಕ್ಕಿಬಿದ್ದವಳಂತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಳು. "ಅರ್ಧ ದಾಟಿದ ದಿನ ನಾನು ಅಲ್ಲಿಯವರಿಗೆ ಒಂದು ಸಾಲು ಬರೀತೀನಿ, ಬಂದವಳು ಇದ್ದಾಳೆ ಅಂತ. ಅಷ್ಟೇ. ಆಮೇಲೆ ಅವಳು ರೆಕ್ಕೆ ಕಟ್ಕೊಂಡು ಹಾರಿ ಹೋದ್ರೂ ನನಗೇನೂ ಇಲ್ಲ. ಮುಂಚೆ ಹೋದ್ರೆ ಬರೆಯೋಕೆ ಆಗಲ್ಲ, ಅಲ್ಲಿ ತನ್ನ ಮನೆಗೆ ಹೋಗಿ ಕೂತಿರೋಳನ್ನ ಇಲ್ಲಿದ್ದಾಳೆ ಅಂತ ಹೇಗೆ ಬರೀಲಿ ಹೇಳಿ?" ಆಮೇಲೆ, ಎಲ್ಲರಿಗೂ ಕೇಳಿಸುವಂತೆ, ತಮಾಷೆಯ ದನಿಯಲ್ಲಿ: "ಒಂದು ವಾರ ತಾನೇ! ನೀವು ವಾರ್ಡನ್ನು, ನಿಮ್ಮ ಕೈಯಲ್ಲಿ ಆಗದೇ ಇರೋದಾ? ಊಟ ಹಾಕಿ, ಸಿನಿಮಾ ತೋರಿಸಿ, ತಲೆ ಬಾಚಿ ಜಡೆ ಹಾಕಿ. ಹೆಣ್ಣುಮಕ್ಕಳು ಪ್ರೀತಿ ಕಂಡ್ರೆ ಎಲ್ಲಿಗೂ ಹೋಗಲ್ಲ." ಗುಮಾಸ್ತರು ನಕ್ಕರು. ಅವಳೂ ನಕ್ಕಳು. ನಕ್ಕದ್ದಕ್ಕೆ ಅವಳಿಗೆ ನಾಚಿಕೆಯಾದದ್ದು ಆಮೇಲೆ. ಜಡೆ ಹಾಕುವ ಯೋಚನೆ ಅವನು ಹೇಳುವ ಮೊದಲೇ ಅವಳ ತಲೆಗೆ ಬಂದಾಗಿತ್ತು.

ವಾಪಸು ಬರುವಾಗ ಲೈಬ್ರರಿಯ ಗೋಡೆಯ ಪಕ್ಕ ಫೋನು ಬಡಿದುಕೊಂಡಿತು. ಮಗಳು. ಅವಳ ಮುಖ ಪರದೆಯ ತುಂಬ ಬಂತು, ಮೂಗು ಕೆಂಪಗಾಗಿ, ತಲೆಗೆ ಉಣ್ಣೆಯ ಟೋಪಿ. "ಅಮ್ಮಾ, ಕೇಳು ಕೇಳು, ನಂಗೆ ಟೈಮಿಲ್ಲ, ಬಸ್ಸು ಬರುತ್ತೆ. ನನ್ನ ಪೇಪರನ್ನ ಮೇಷ್ಟ್ರು ಎಲ್ಲರ ಮುಂದೆ ಓದಿದ್ರು. ಎಲ್ಲರ ಮುಂದೆ! ಆಮೇಲೆ ಇಲ್ಲಿ ಲ್ಯಾಬಲ್ಲಿ ಒಂದು ಮಷೀನಿದೆ, ನಮ್ಮ ಕಾಲೇಜಲ್ಲಿ ಅದರ ಫೋಟೋ ಕೂಡ ಇಲ್ಲ. ಹೌದು, ಅಲ್ಲಿ ಲ್ಯಾಬ್ ಫೀಸು ಕಟ್ಟಿದ್ದೀಯಲ್ಲ, ದಂಡ ಯಾಕೆ, ನೀನೇ ಹೋಗಿ ನನ್ನ ಪಾಲಿನ ಗಾಜಿನ ಕೊಳವೆ ಒಂದೆರಡು ಒಡೆದು ಬಾ." ಹುಟ್ಟಿದಾಗಿನಿಂದ ಈ ಹುಡುಗಿ ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾಳೆ. ಹಾಸ್ಟೆಲ್ಲಿನ ಹುಡುಗಿಯರೆಲ್ಲ ಎತ್ತಿ ಆಡಿಸಿ ಬೆಳೆಸಿದ ಮಗು. ಯಾರ ಮಡಿಲಲ್ಲಾದರೂ ಕೂರುವ, ಯಾರ ತಟ್ಟೆಗಾದರೂ ಕೈ ಹಾಕುವ ಸ್ವಭಾವ. ಅಲ್ಲಿನ ಹಾಸ್ಟೆಲ್ಲಿನಲ್ಲಿ ಅವಳಿಗೆ ಬದಲಿ ಹುಡುಗಿಯ ರೂಮೇ ಸಿಕ್ಕಿತ್ತು. ಹೀಟರು ಕೆಟ್ಟರೆ ಎಡಗಡೆ ಒದೆಯಬೇಕು, ಕಿಟಕಿಯಾಚೆ ಗೋಡೆಯ ಮೇಲೆ ಒಂದು ಹಳದಿ ಬೆಕ್ಕು ಬರುತ್ತದೆ, ಅದಕ್ಕೆ ಹಾಲು ಹಾಕಿದರೆ ಮತ್ತೆ ಬಿಡುವುದಿಲ್ಲ ಎಂದು ಬದಲಿ ಹುಡುಗಿಯೇ ಹೇಳಿ ಕಳಿಸಿದ್ದಳು. ಆ ಮಾತನ್ನು ಹೇಳುವಾಗ ಮಾತ್ರ ಅವಳು ನಕ್ಕದ್ದನ್ನು ವಾರ್ಡನಮ್ಮ ನೋಡಿದ್ದು.

"ಒಂದು ವೇಳೆ," ಎಂದಳು ವಾರ್ಡನಮ್ಮ, "ಸುಮ್ಮನೆ ಕೇಳ್ತೀನಿ. ಒಂದು ವೇಳೆ ನೀನು ಈಗಲೇ ವಾಪಸು ಬರಬೇಕಾಗಿ ಬಂದ್ರೆ?"

ಪರದೆಯ ಮೇಲಿನ ಮುಖ ನಿಂತುಬಿಟ್ಟಿತು. ಸಿಗ್ನಲ್ ಹೋಯಿತೇನೋ ಅಂದುಕೊಂಡಳು. ಸಿಗ್ನಲ್ ಹೋಗಿರಲಿಲ್ಲ.

"ಯಾಕೆ? ನಿನಗೇನಾಯ್ತು? ಹುಷಾರಿಲ್ವಾ?"

"ನನಗೇನಾಗಿದೆ, ಗುಂಡುಕಲ್ಲು ಥರ ಇದ್ದೀನಿ. ಸುಮ್ಮನೆ ಕೇಳಿದೆ."

"ಹಾಗೆಲ್ಲ ಸುಮ್ಮನೆ ಕೇಳಬೇಡಮ್ಮ," ಎಂದಳು ಮಗಳು. ದನಿ ಸಣ್ಣಗಾಗಿತ್ತು, ಗೇಟಿನ ಸರಳು ಹಿಡಿದ ದನಿ. "ನಾನಿಲ್ಲಿ ಏನೋ ಆಗ್ತಾ ಇದ್ದೀನಿ ಕಣಮ್ಮ. ನಂಗೆ ಹೇಳೋಕೆ ಬರಲ್ಲ. ಅಲ್ಲಿ ನಾನು ವಾರ್ಡನಮ್ಮನ ಮಗಳು. ಇಲ್ಲಿ... ಬಸ್ಸು ಬಂತು, ಇಡ್ತೀನಿ." ಮುಖ ಆರಿಹೋಯಿತು. ವಾರ್ಡನಮ್ಮ ಗೋಡೆಗೆ ಒರಗಿಕೊಂಡು ಕಪ್ಪಾದ ಪರದೆಯಲ್ಲಿ ತನ್ನ ಮುಖವನ್ನೇ ನೋಡುತ್ತ ನಿಂತಳು. ಒಂದು ಹುಡುಗಿ ಅಲ್ಲಿ ಏನೋ ಆಗುತ್ತಿದ್ದಾಳೆ, ಒಂದು ಹುಡುಗಿ ಇಲ್ಲಿ ಏನೂ ಇಲ್ಲವಾಗುತ್ತಿದ್ದಾಳೆ. ಒಬ್ಬಳ ಕೆನ್ನೆಗೆ ಬಂದ ಕೆಂಪು ಇನ್ನೊಬ್ಬಳ ಕೆನ್ನೆಯಿಂದ ಹೋದದ್ದೋ ಎಂಬಂತೆ. ಎಂಥ ಹುಚ್ಚು ಯೋಚನೆ ಎಂದು ತಲೆ ಕೊಡವಿದಳು. ಅಷ್ಟಕ್ಕೂ ಈ ತಕ್ಕಡಿ ಮಾಡಿದವಳು ನಾನಲ್ಲ, ದೊಡ್ಡ ದೊಡ್ಡವರು ಮೇಜಿನ ಸುತ್ತ ಕೂತು ಮಾಡಿದ್ದು. ಹುಡುಗಿಯರನ್ನು ಹುಡುಗಿಯರಿಂದ ತೂಗಬಹುದು, ಆಗ ದುಡ್ಡು ಮುಟ್ಟುವ ಗೋಜೇ ಇರುವುದಿಲ್ಲ ಎಂದು ಅವರಿಗೆ ಎಷ್ಟು ಚೊಕ್ಕಟವಾಗಿ ಕಂಡಿರಬೇಕು. ಅವರ ಮನೆಯಲ್ಲಿ ಯಾರಾದರೂ ವಾರ ಪೂರ್ತಿ ಕುರ್ಚಿಯಲ್ಲಿ ಕೂತು ಬೆಳಗು ಮಾಡಿದ್ದರೇ?

ಸಂಜೆಗೆ ಅವಳು ಹುಡುಗಿಯನ್ನು ತನ್ನ ಕ್ವಾರ್ಟರ್ಸಿಗೆ ಊಟಕ್ಕೆ ಕರೆದಳು. ಹಾಸ್ಟೆಲ್ಲಿನ ಹಿಂಬದಿಗೇ ಅಂಟಿಕೊಂಡ ಎರಡು ಕೋಣೆಯ ಮನೆ. ಮಗಳ ಮಂಚಕ್ಕೆ ಹೊಸ ಚಾದರ ಹಾಸಿದಳು, ಮೂಲೆಗಳನ್ನು ಬಿಗಿಯಾಗಿ ಸಿಕ್ಕಿಸಿದಳು, ಸಿಕ್ಕಿಸುತ್ತ, ಇದು ಯಾರಿಗಾಗಿ ಎಂದು ಕೇಳಿಕೊಂಡಳು. ಉತ್ತರ ಎರಡು ಬಂದವು, ಎರಡೂ ನಿಜವೆಂಬಂತೆ ಕಂಡವು. ಹುಡುಗಿ ಬಂದಳು, ತಲೆ ಬಾಚಿಕೊಂಡಿದ್ದಳು, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದಳು. ಯಾರದೋ ಮನೆಗೆ ಕರೆದಾಗ ಹೀಗೆ ಹೋಗಬೇಕು ಎಂದು ಆ ತಾಯಿ ಕಲಿಸಿದ್ದಾಳೆ. ತಟ್ಟೆಯ ಮುಂದೆ ಕೂತು ಬಡಿಸಿದ್ದನ್ನೆಲ್ಲ ತುತ್ತು ತುತ್ತಾಗಿ, ಕೆಲಸ ಮುಗಿಸುವವಳಂತೆ ತಿಂದಳು. "ಚೆನ್ನಾಗಿದೆ ಅಮ್ಮ. ನೀವು ನನಗೆ ಬಹಳ ಒಳ್ಳೆಯವರು," ಎಂದಳು. ಎಲ್ಲರೂ ಒಳ್ಳೆಯವರೇ, ಯಾರ ಮೇಲೂ ದೂರಿಲ್ಲ. ಆದರೆ ಇಲ್ಲಿ ತನ್ನ ತಲೆಯೊಳಗೆ ಯಾರೂ ಮಾತಾಡುವುದಿಲ್ಲ, ಬಂದಾಗಿನಿಂದ ಒಳಗೆ ಸದ್ದೇ ಇಲ್ಲ, ಮಲಗಿದರೆ ಆ ಸದ್ದಿಲ್ಲದ್ದು ದೊಡ್ಡದಾಗುತ್ತದೆ, ಅದಕ್ಕೇ ಮಲಗುವುದಿಲ್ಲ ಎಂದು ಪುಸ್ತಕದ ಮಾತಿನಲ್ಲಿ, ಶಬ್ದಗಳನ್ನು ಹುಡುಕಿ ಹುಡುಕಿ ಹೇಳಿದಳು. ಹೇಳಿ, ಕ್ಷಮಿಸಿ ಎಂದಳು. "ಕಮಿಟಿಯವರು ಬರುವ ತನಕ ನಾನು ಇರುತ್ತೇನೆ. ನನ್ನ ತಾಯಿಗೆ ಹೇಳಿದ್ದೇನೆ. ಟಿಕೆಟು ಬದಲಿಸಿದರು."

ಕಮಿಟಿ ಎಂಬ ಆ ಒಂದು ಶಬ್ದಕ್ಕೆ ವಾರ್ಡನಮ್ಮನೊಳಗೆ ಏನೋ ಪಟ್ಟನೆ ಕಿತ್ತು ಬಂತು.

"ಕಮಿಟಿ ಇಲ್ಲಮ್ಮ," ಎಂದಳು. "ಯಾವ ಕಮಿಟಿಯೂ ಇಲ್ಲ. ನಾನು ಸುಳ್ಳು ಹೇಳಿದೆ."

ಆಮೇಲೆ ಅದು ನಿಲ್ಲಲಿಲ್ಲ. ಒಬ್ಬಳಿಗೆ ಒಬ್ಬಳು, ಅರ್ಧ ಟರ್ಮು, ಪರದೇಶದ ಫೀಸು, ರಸೀದಿ ಬರೆಯಬೇಕಾದ ಒಂದು ಸಾಲು, ನೀನು ಭಾನುವಾರ ಹೋದರೆ ನನ್ನ ಮಗಳ ವರ್ಷ ಹೋಗುತ್ತದೆ, ಬೆಳಿಗ್ಗೆಯ ಮೊಟ್ಟೆ, ಹಾಲು, ಈ ಊಟ, ಆ ಮಂಚದ ಮೇಲಿನ ಚಾದರ, ಎಲ್ಲ. ಮೂಗು ಸೊರಗುಟ್ಟಿಸುತ್ತ, ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತ, ಎಂದೂ ಯಾರ ಮುಂದೂ ಅಳದ ವಾರ್ಡನಮ್ಮ ತನ್ನ ಮಗಳಿಗಿಂತ ಚಿಕ್ಕವಳ ಮುಂದೆ ಅತ್ತಳು. "ನೀನು ಹೋಗಿಬಿಡು. ನಾಳೆ ಬೆಳಿಗ್ಗೆಯೇ ರೂಮು ನೋಡಿ ಸಹಿ ಹಾಕ್ತೀನಿ. ಅವಳ ಹಣೆಬರಹ, ಏನಾಗುತ್ತೋ ಆಗಲಿ. ನಿನ್ನ ತಾಯಿ ಬಾ ಅಂದಮೇಲೆ ತಡೆಯೋಕೆ ನಾನ್ಯಾರು?" ಹೇಳುತ್ತಿರುವಾಗ ಎದೆ ಹಗುರವಾಯಿತು. ಇಡೀ ದಿನ ಹೊತ್ತ ಮೂಟೆ ಇಳಿದಂತಾಯಿತು. ಇಳಿದ ಆ ಮೂಟೆ ಎಲ್ಲಿ ಹೋಗಿ ಕೂತಿತು ಎಂದು ನೋಡಲು ತಲೆ ಎತ್ತಿದಾಗ, ಹುಡುಗಿಯ ಮುಖ ಕಂಡಿತು.

ಹುಡುಗಿ ಸಿಟ್ಟಾಗಿರಲಿಲ್ಲ. ಬೆಳಿಗ್ಗೆ 'ಸರಿ ಅಮ್ಮ' ಅಂದಾಗ ಇದ್ದ ಮುಖವೇ. ಅವಳು ಎದ್ದು ಬಂದು, ಏನು ಮಾಡಬೇಕೆಂದು ತಿಳಿಯದೆ, ವಾರ್ಡನಮ್ಮನ ಭುಜದ ಮೇಲೆ ಕೈ ಇಟ್ಟು, ಬೆಕ್ಕನ್ನು ಸವರುವಂತೆ ಎರಡು ಸಲ ಸವರಿದಳು. "ನೀವು ಅಳಬೇಡಿ," ಎಂದಳು. "ನನಗೆ ಯಾರೂ ಹೇಳಲಿಲ್ಲ. ಅವಳು ನನ್ನ ರೂಮಿನಲ್ಲಿ ಇದ್ದಾಳೆ. ಅವಳು ಸಂತೋಷವಾಗಿದ್ದಾಳೆ, ನನಗೆ ಗೊತ್ತು, ಬೆಕ್ಕಿನ ಫೋಟೋ ಕಳಿಸುತ್ತಾಳೆ. ನಾನು ಇರುತ್ತೇನೆ." ಆಮೇಲೆ, "ಒಂದು ವಾರ ನಾನು ಇರಬಲ್ಲೆ. ಅಲ್ಲವೇ?" ಎಂದು ಕೇಳಿದಳು. ಅದು ವಾರ್ಡನಮ್ಮನಿಗೆ ಕೇಳಿದ್ದಲ್ಲ, ತನಗೇ ಕೇಳಿಕೊಂಡದ್ದು. ವಾರ್ಡನಮ್ಮನ ಕಣ್ಣೀರು ಅಲ್ಲೇ ಇಂಗಿತು. ಬೆಳಿಗ್ಗೆ ಹೇಳಿದ ಸುಳ್ಳು ದಾರದ ಎಳೆ. ಯಾರಾದರೂ ಒಬ್ಬ ಹುಡುಗಿ, ಎಂಥ ಕಮಿಟಿ ಎಂದು ನಕ್ಕಿದ್ದರೆ ಹರಿದುಹೋಗುತ್ತಿತ್ತು. ಈಗ ಹೇಳಿದ ನಿಜ ಹಗ್ಗ. ಇದನ್ನು ಅವಳು ಹರಿಯುವುದಿಲ್ಲ, ಇಂಥ ಮಕ್ಕಳಿಗೆ ಹರಿಯಲು ಬರುವುದಿಲ್ಲ. ಅದು ನನಗೆ ಗೊತ್ತಿತ್ತೇ? ಬಾಯಿ ತೆರೆಯುವ ಮೊದಲೇ, ಕಮಿಟಿ ಇಲ್ಲ ಅನ್ನುವ ಮೊದಲೇ, ಎಲ್ಲೋ ಹೊಟ್ಟೆಯ ತಳದಲ್ಲಿ ನನಗೆ ಗೊತ್ತಿತ್ತೇ? ಇಷ್ಟು ವರ್ಷ ಚಾದರ ನೋಡಿ ಹುಡುಗಿಯರ ಒಳಗನ್ನು ಓದಿದವಳಿಗೆ ಇದೊಂದು ಗೊತ್ತಿರಲಿಲ್ಲವೇ?

"ಬೇಡ, ಬೇಡ. ನೀನು ಹೋಗು," ಎನ್ನುತ್ತ ಅವಳು ಎದ್ದಳು. ಹುಡುಗಿ ಆಗಲೇ ಚಪ್ಪಲಿ ಮೆಟ್ಟಿ, ತನ್ನ ರೂಮಿಗೆ ಹೊರಟಿದ್ದಳು. ಇವಳೂ ಹಿಂದೆಯೇ ಹೋದಳು. ಹಾಸ್ಟೆಲ್ಲಿನಲ್ಲಿ ಆಗತಾನೇ ದೀಪ ಹಾಕಿದ್ದರು. ಬಚ್ಚಲಲ್ಲಿ ಯಾರೋ ಹಾಡುತ್ತಿದ್ದರು, ಇನ್ಯಾರೋ ಸಾಕು ನಿಲ್ಲಿಸೇ ಎಂದು ಕೂಗುತ್ತಿದ್ದರು, ಮೆಟ್ಟಿಲ ಮೇಲೆ ಕೂತು ಒಬ್ಬಳ ಉಗುರಿಗೆ ಇನ್ನೊಬ್ಬಳು ಬಣ್ಣ ಹಚ್ಚುತ್ತಿದ್ದ ಇಬ್ಬರು ಹುಡುಗಿಯರು ವಾರ್ಡನಮ್ಮನನ್ನು ನೋಡಿ ಸರಿದು ದಾರಿ ಬಿಟ್ಟರು. ರೂಮಿನಲ್ಲಿ ಪೆಟ್ಟಿಗೆ ತುಂಬಿ ಸಿದ್ಧವಾಗಿತ್ತು. ಒಂದು ದಿನದಲ್ಲಿ ತುಂಬಿದ ಪೆಟ್ಟಿಗೆಯಲ್ಲ ಅದು. ತುಂಬಿ, ತೆಗೆದು, ಮತ್ತೆ ತುಂಬಿ ಒಂದೊಂದು ಬಟ್ಟೆಗೂ ತನ್ನ ಜಾಗ ಗೊತ್ತಾಗಿಬಿಟ್ಟ ಪೆಟ್ಟಿಗೆ. ಹುಡುಗಿ ಮೊಣಕಾಲೂರಿ ಕೂತು ಜಿಪ್ಪು ಎಳೆದಳು. ಮೇಲಿದ್ದ ಅಂಗಿಯನ್ನು ತೆಗೆದು, ಕೊಡವಿ, ಖಾಲಿ ಬೀರುವಿನ ಕಡೆ ನೋಡಿದಳು.

"ಕೇಳು ಮಗಳೇ," ಎಂದಳು ವಾರ್ಡನಮ್ಮ. ಆ ಹುಡುಗಿಯನ್ನು ಅವಳು ಮಗಳೇ ಎಂದದ್ದು ಅದೇ ಮೊದಲು. "ನಾನು ನಿಜವಾಗಿ ಹೇಳ್ತಿದ್ದೀನಿ. ನೀನು ಇರಬೇಕಾಗಿಲ್ಲ. ಭಾನುವಾರದ ಟಿಕೆಟನ್ನೇ ಮತ್ತೆ ಮಾಡಿಸೋಣ. ನಿನ್ನ ತಾಯಿಗೆ ಫೋನು ಮಾಡು, ಬೇಕಾದರೆ ನಾನೇ ಮಾತಾಡ್ತೀನಿ. ಯಾರ ಮಗಳಿಗೋಸ್ಕರ ಯಾರು ಯಾಕೆ ಕೂರಬೇಕು? ಇದೆಲ್ಲ ನನ್ನ ತಲೆನೋವು, ನಿನ್ನದಲ್ಲ. ಕೇಳ್ತಿದ್ದೀಯಾ? ಹೋಗು ನೀನು." ಅವಳ ದನಿಯಲ್ಲಿ ಸುಳ್ಳಿರಲಿಲ್ಲ. ಒಂದೊಂದು ಮಾತೂ ಹೊಟ್ಟೆಯಿಂದಲೇ ಬರುತ್ತಿತ್ತು, ಬೇಕಾದರೆ ಆಣೆ ಹಾಕಿ ಹೇಳುವಂತಿತ್ತು.

ಮಾತಿನ ನಡುವೆ ಬಾಗಿಲ ಹಿಂದಿನ ಮೊಳೆಗೆ ತೂಗುಬಿದ್ದಿದ್ದ ಹ್ಯಾಂಗರುಗಳ ಕಟ್ಟನ್ನು ಅವಳ ಕೈ ಎತ್ತಿಕೊಂಡಿತ್ತು. ಹುಡುಗಿ ಹಿಂತಿರುಗದೆ ಕೈ ಚಾಚಿದಳು. ವಾರ್ಡನಮ್ಮ ಒಂದು ಕೊಟ್ಟಳು. ಅಂಗಿ ಬೀರುವಿನೊಳಗೆ ಹೋಯಿತು. "ಬೇಡ ಅಂದೆನಲ್ಲ," ಎಂದಳು, ಇನ್ನೊಂದು ಕೊಟ್ಟಳು. ಹುಡುಗಿ ಮತ್ತೆ ಕೈ ಚಾಚಿದಳು.